ಆಲೂಗಡ್ಡೆ ವೈಪರ್ ಮತ್ತು ಇತರ ಮುಂಜಾಗ್ರತೆಗಳು

ಮಳೆ, ಬಿಸಿಲು, ಗಾಳಿ ಯಾವುದೇ ಬರಲಿ, ಮೊದಲೇ ತಯಾರಾಗಿರಬೇಕು ಅಂತ ನನಗೆ ಲಾರಿ ಕಲಿಸಿದ ಹಿರಿಯರು ಹೇಳಿದ್ರು. ಅದನ್ನ ಒಂದು ದಿನವೂ ಮೀರದೆ ಊರೂರು ಸುತ್ತಿದ್ದೀನಿ. ಮಳೆ ಬಿಸಿಲಿನಿಂದ ನನಗೆ ಅಂಥಾ ತೊಂದರೆ ಏನೂ ಆಗಲಿಲ್ಲ. ಆದದ್ದೆಲ್ಲ ಈ ತಯಾರಿಯಿಂದಲೇ.

ನಾನು ಕಲಬುರಗಿ ಕಡೆಯವನು. ತೊಂಬತ್ತರ ದಶಕದಲ್ಲಿ ಮರ್ಫಿ ಟೌನಿನ ಒಂದು ಬಾಡಿಗೆ ರೂಮಿನಲ್ಲಿ ಸಂಸಾರ, ಕೆ.ಆರ್. ಪುರದ ಸ್ಟ್ಯಾಂಡಿನಲ್ಲಿ ಲಾರಿ. ಜೋಡಿ ಡ್ರೈವರ್ ಶಿವಾಜಿನಗರದವರು, ನನಗಿಂತ ಹಿರಿಯರು. ನಾನು ಅವರನ್ನ ಭಾಯ್ ಅಂತಲೇ ಕರೀತಿದ್ದೆ.

ಟಾರ್ಪಾಲು

ಮಳೆಗಾಲ ಶುರುವಾಗೋ ಮುಂಚೆ ಟಾರ್ಪಾಲಿನ ತೂತು ಹುಡುಕಬೇಕು. ಇದಕ್ಕೆ ಒಂದೇ ದಾರಿ. ಬಿಸಿಲಿನಲ್ಲಿ ಅದನ್ನ ನೆಲಕ್ಕೆ ಹಾಸಿ, ಕೆಳಗೆ ನುಗ್ಗಿ ಅಂಗಾತ ಮಲಗಬೇಕು. ಎಲ್ಲೆಲ್ಲಿ ಬೆಳಕು ಚುಕ್ಕಿಯಂತೆ ಕಾಣುತ್ತೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಸ್ಟ್ಯಾಂಡಿನ ಹಿಂದಿನ ಬಯಲಲ್ಲಿ ನಾನು ಒಂದು ತುದಿಯಿಂದ, ಭಾಯ್ ಇನ್ನೊಂದು ತುದಿಯಿಂದ ತೆವಳ್ಕೊಂಡು ಹೊರಟ್ವಿ.

ಮೊದಮೊದಲು ನಕ್ಷತ್ರ ನೋಡಿದ ಹಾಗೆ ತೂತುಗಳು. ಆಮೇಲೆ ನೋಡ್ತಾ ನೋಡ್ತಾ ಒಂದೊಂದೇ ಮಾಯ ಆಗೋಕೆ ಶುರುವಾಯ್ತು.

"ಭಾಯ್, ಈ ಕಡೆ ತೂತೇ ಇಲ್ಲ."

"ಇಲ್ಲೂ ಮುಚ್ಚಿಕೊಳ್ತಾ ಇವೆ," ಅಂದ್ರು ಭಾಯ್. "ಒಳ್ಳೆ ಮಾಲು ಇದು. ಬಿಸಿಲಿಗೆ ತಾನೇ ಕೂಡಿಕೊಳ್ಳುತ್ತೆ ಅಂತ ಕಾಣುತ್ತೆ."

ಅಷ್ಟರಲ್ಲಿ ನನಗೆ ಸೀನು ಬಂತು. ಹಿಂದೆಯೇ ಭಾಯ್‌ಗೂ ಬಂತು. ಕಣ್ಣು ಉರಿ, ಮೂಗು ಉರಿ, ಇಬ್ಬರೂ ನಿಲ್ಲಿಸದೆ ಸೀನ್ತಾ ಇದ್ದೀವಿ. ಮೇಲಿಂದ ಒಬ್ಬ ಅಜ್ಜಿಯ ದನಿ ಕೇಳಿಸ್ತು. ಖಾಲಿ ಬಿದ್ದಿರೋ ಟಾರ್ಪಾಲು ಅಂದ್ಕೊಂಡು ಆಕೆ ಅದರ ಮೇಲೆ ಎರಡು ಮೂಟೆ ಒಣಮೆಣಸಿನಕಾಯಿ ಹರವಿಬಿಟ್ಟಿದ್ದರು. ಟಾರ್ಪಾಲು ಸೀನಿದ್ದು ಕೇಳಿ ಹೆದರಿದ್ರು ಅಂದ್ಕೊಂಡ್ರಾ? ಇಲ್ಲ.

"ಯಾರಪ್ಪಾ ಅದು ಒಳಗೆ? ಸೀನೋದಾದ್ರೆ ಮೆಲ್ಲಗೆ ಸೀನಿ. ಕಾಯಿ ಚೆಲ್ಲುತ್ತೆ."

ಆಲೂಗಡ್ಡೆ

ಹಳೇ ಲಾರಿಗಳ ವೈಪರ್ ನಂಬೋ ಹಾಗಿರಲಿಲ್ಲ. ಅದು ಕೆಟ್ಟರೆ ಗಾಜಿಗೆ ಆಲೂಗಡ್ಡೆ ಹೋಳು ಉಜ್ಜೋದು ನಮ್ಮವರ ಪದ್ಧತಿ. ಆಮೇಲೆ ನೀರು ಗಾಜಿಗೆ ಅಂಟದೆ ಜಾರಿಕೊಂಡು ಹೋಗುತ್ತೆ. ಮಂಗಳೂರಿಗೆ ಹೊರಟಾಗ ಶಿರಾಡಿ ಘಾಟಿ ನೆನೆಸಿಕೊಂಡು ಒಂದು ದಪ್ಪ ಆಲೂಗಡ್ಡೆ ತಂದು ಸೀಟಿನ ಕೆಳಗೆ ಇಟ್ಟಿದ್ದೆ.

ಮಧ್ಯಾಹ್ನ ಸಕಲೇಶಪುರ ದಾಟಿ ರಸ್ತೆ ಪಕ್ಕ ಸ್ಟವ್ ಹಚ್ಚಿದ್ವಿ. ಚಪಾತಿ ನನ್ನದು, ಪಲ್ಯ ಭಾಯ್‌ದು. ಏನು ಪಲ್ಯ ಅಂತೀರಿ, ಹೊಗಳಿ ಹೊಗಳಿ ಬಡಿಸ್ಕೊಂಡು ತಿಂದೆ.

ಘಾಟಿ ಇಳಿಯೋಕೆ ಶುರು ಮಾಡಿದ್ವೋ ಇಲ್ವೋ, ಆಕಾಶವೇ ಹರಿದು ಬಿದ್ದ ಹಾಗೆ ಮಳೆ. ವೈಪರ್ ನಾಲ್ಕು ಸಲ ತಲೆ ಆಡಿಸಿ ನಿಂತ್ಕೊಳ್ತು. ಮುಂದೆ ತಿರುವು ಎಲ್ಲಿದೆ, ಕಂದಕ ಎಲ್ಲಿದೆ ಒಂದೂ ಕಾಣದು. ಹೇಗೋ ಪಕ್ಕಕ್ಕೆ ನಿಲ್ಲಿಸಿ ಸೀಟಿನ ಕೆಳಗೆ ಕೈ ಹಾಕಿದೆ.

"ಭಾಯ್, ಇಲ್ಲೊಂದು ಆಲೂಗಡ್ಡೆ ಇತ್ತಲ್ಲ?"

ಭಾಯ್ ಗಾಜು ನೋಡಿದ್ರು, ಆಮೇಲೆ ನನ್ನ ಹೊಟ್ಟೆ ನೋಡಿದ್ರು.

"ಹಾಗಾದ್ರೆ ಮಧ್ಯಾಹ್ನ ನಾವು ತಿಂದಿದ್ದು ವೈಪರ್ರು," ಅಂದ್ರು.

ಗೋಣಿಚೀಲ

ಮೇ ತಿಂಗಳಲ್ಲಿ ನಾಗಪುರದ ಲೋಡು ಅಂದ್ರೆ ಕ್ಯಾಬಿನ್ ಅನ್ನೋದು ಇಡ್ಲಿ ಪಾತ್ರೆ. ಬಿಸಿಲು ತಡೆಯೋಕೆ ಕ್ಯಾಬಿನ್ ತಲೆ ಮೇಲೆ ದಪ್ಪಗೆ ಗೋಣಿಚೀಲ ಹೊದಿಸಿ, ನೀರು ಸಿಕ್ಕಲ್ಲೆಲ್ಲ ನೆನೆಸ್ತಾ ಹೋದ್ವಿ. ಬಹಳ ತಂಪಾಗಿತ್ತು. ಬರೋವಾಗ ಆಂಧ್ರದ ಉದ್ದಕ್ಕೂ ಮಳೆ ಹಿಡೀತು. ಚೀಲ ತೆಗೆಯೋದು ಮರೆತೇಹೋಯ್ತು.

ಅನಂತಪುರ ದಾಟಿದ ಮೇಲೆ ಎದುರಿನ ಬಸ್ಸಿನ ಜನರೆಲ್ಲ ನಮ್ಮನ್ನ ನೋಡಿ ಕೈ ಬೀಸೋಕೆ ಶುರು ಮಾಡಿದ್ರು. ನಾವೂ ಬೀಸಿದ್ವಿ. ಇಷ್ಟು ಒಳ್ಳೆ ಜನ ಇರೋ ರಸ್ತೆ ನಾನು ನೋಡಿರಲಿಲ್ಲ.

ಕೆ.ಆರ್. ಪುರದಲ್ಲಿ ಪೊಲೀಸಿನವರೊಬ್ಬರು ಅಡ್ಡ ಹಾಕಿದ್ರು. ಕಾಗದ ಪತ್ರ ಎಲ್ಲ ಕೊಟ್ಟೆ. ನಿಧಾನವಾಗಿ ನೋಡಿ, ಮಡಚಿ, ತಲೆ ಎತ್ತಿ ಮೇಲೆ ನೋಡಿದ್ರು. ನಾನೂ ಇಳಿದು ನೋಡಿದೆ. ಅವು ಮೊದಲು ರಾಗಿ ತುಂಬಿದ್ದ ಚೀಲಗಳು. ಮೂಲೆಮೂಲೆಯಲ್ಲಿ ಉಳಿದಿದ್ದ ಕಾಳೆಲ್ಲ ಮೊಳೆತು, ಕ್ಯಾಬಿನ್ ತಲೆ ತುಂಬ ಗೇಣುದ್ದ ಹಸಿರು ಪೈರು ಗಾಳಿಗೆ ತೂಗ್ತಾ ಇತ್ತು.

"ಲಾರಿ ಕಾಗದ ಸರಿಯಾಗಿದೆ," ಅಂದ್ರು ಅವರು. "ಹೊಲದ ಪಹಣಿ ಎಲ್ಲಿ?"

ಚಂಡಮಾರುತ

ಒಂದು ಸಲ ಕೋಲ್ಕತ್ತದಿಂದ ಲೋಡು ಹೊತ್ತು ಬರ್ತಿದ್ವಿ. ನೆಲ್ಲೂರು ದಾಟಿದ ಮೇಲೆ ರೇಡಿಯೋದಲ್ಲಿ ಚಂಡಮಾರುತದ ಸುದ್ದಿ ಬಂತು. ದಾಬಾ ಮುಂದೆ ಸಾಲಾಗಿ ಲಾರಿ ನಿಂತಿದ್ದವು. ನಾವೂ ನಿಲ್ಲಿಸಿ, ಹಗ್ಗದ ಮೇಲೆ ಹಗ್ಗ ಬಿಗಿದು, ಚಕ್ರಕ್ಕೆ ಕಲ್ಲು ಕೊಟ್ಟು ಕೂತ್ವಿ. ಹೆಂಡತಿ ಗಾಬರಿ ಆಗ್ತಾಳೆ ಅಂತ ಎಸ್‌ಟಿಡಿ ಬೂತಿನಿಂದ ಮನೆ ಓನರಮ್ಮನಿಗೆ ಫೋನ್ ಮಾಡಿದೆ. ಅವರದು ತಮಿಳು, ಕಿವಿಯೂ ಸ್ವಲ್ಪ ಮಂದ. ಲೈನಿನಲ್ಲಿ ಬರೀ ಗೊರಗೊರ.

"ಅಮ್ಮಾ, ಗಾಳಿ ಜೋರಾಗಿದೆ. ಎಲ್ಲಾ ಗಟ್ಟಿಯಾಗಿ ಕಟ್ಟಿ ಇಟ್ಟಿದ್ದೀವಿ. ಭಯ ಬೇಡ ಅಂತ ಹೇಳಿ," ಅಂತ ಕೂಗಿದೆ.

"ಸರಿಪ್ಪಾ, ಸರಿ," ಅಂದು ಇಟ್ಟರು.

ಎರಡು ದಿನ ಕಾದ್ವಿ. ಚಂಡಮಾರುತ ಸಮುದ್ರದಲ್ಲೇ ದಿಕ್ಕು ಬದಲಿಸಿ ಎಲ್ಲಿಗೋ ಹೋಯ್ತು. ಲೋಡು ಇಳಿಸಿ ನಾನು ಮರ್ಫಿ ಟೌನಿಗೆ ಬಂದೆ. ನೋಡ್ತೀನಿ, ರೂಮಿನ ಮುಂದೆ 'ಬಾಡಿಗೆಗೆ ಇದೆ' ಅನ್ನೋ ಬೋರ್ಡು. ಪಾತ್ರೆ, ಹಾಸಿಗೆ, ಟ್ರಂಕು ಎಲ್ಲ ಹಗ್ಗ ಬಿಗಿದು ಬಾಗಿಲಲ್ಲಿ ಸಾಲಾಗಿ ಕೂತಿವೆ. ಟ್ರಂಕಿನ ಮೇಲೆ ಹೆಂಡತಿ. ಪಾಪ, ಗಾಳಿಗೆ ಹೆದರಿ ಇಲ್ಲೂ ತಯಾರಿ ಮಾಡ್ಕೊಂಡಿದ್ದಾಳೆ ಅಂದ್ಕೊಂಡೆ.

"ಬಿಚ್ಚು, ಅದು ಬೇರೆ ಕಡೆ ಹೋಯ್ತು," ಅಂದೆ.

"ಬ್ಯಾರೆದವ್ರಿಗೆ ಕೊಟ್ಟುಬಿಟ್ರೇನು?" ಅಂದಳು. ಮುಖ ಚಿಕ್ಕದಾಯ್ತು. "ನೀರಿನ ನಳ ಒಳಗ ಇತ್ತೇನ್ರಿ ಆ ಹೊಸ ಮನ್ಯಾಗ?"

"ಯಾವ ಮನೆ?"

ಅಷ್ಟರಲ್ಲಿ ಓನರಮ್ಮ ಮೆಟ್ಟಿಲಿಳಿದು ಬಂದ್ರು. "ನೀನೇ ತಾನೇಪ್ಪಾ ಫೋನಲ್ಲಿ ಹೇಳಿದ್ದು, ಮನೆ ಖಾಲಿ ಮಾಡ್ತೀವಿ, ಎಲ್ಲಾ ಕಟ್ಟಿ ಇಡಿ ಅಂತ?"

"ಖಾಲಿ ಅಲ್ಲಮ್ಮಾ, ಗಾಳಿ," ಅಂತ ಬಾಯಿಂದ ಊದಿ ತೋರಿಸಿದೆ.

ಓನರಮ್ಮ ಬೋರ್ಡು ಕಿತ್ತು ಕಂಕುಳಲ್ಲಿ ಇಟ್ಕೊಂಡ್ರು. ಹೆಂಡತಿ ನಗ್ತಾ, ಬೈತಾ, ಹಾಸಿಗೆಯ ಗಂಟು ಬಿಚ್ಚೋಕೆ ಕೂತಳು. ಪಕ್ಕದ ಮನೆಯವರೆಲ್ಲ ಬಂದು ಏನಾಯ್ತು ಅಂತ ಕೇಳಿದ್ರು. ಏನು ಹೇಳಲಿ? ಅಷ್ಟು ದೊಡ್ಡ ಚಂಡಮಾರುತಕ್ಕೆ ನೆಲ್ಲೂರಿನ ದಂಡೆಯಲ್ಲಿ ಒಂದು ಹೆಂಚೂ ಹಾರಲಿಲ್ಲ. ಬುಡಸಮೇತ ಎದ್ದು ಬಾಗಿಲಿಗೆ ಬಂದಿದ್ದು ಮರ್ಫಿ ಟೌನಿನ ನಮ್ಮ ಮನೆ ಒಂದೇ.