ಶತ್ರುವಿನ ಮೊಣಕೈ

ನಮ್ಮ ಸೋದರಮಾವ ಊರಿಗೆ ದ್ರೋಹ ಬಗೆದವರು. ಹಾಗಂತ ನಾನು ಹೇಳುತ್ತಿಲ್ಲಪ್ಪ, ಅವರ ಸ್ನೇಹಿತರೇ ಹೇಳುತ್ತಾರೆ. ಅಮೆರಿಕದ ಫ್ರೀಮಾಂಟಿನಲ್ಲಿ ಅಷ್ಟು ವರ್ಷ ಸಂಸಾರ ಮಾಡಿ, ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದ ಬೇಸ್‌ಬಾಲ್ ಟೀಮಿಗೆ ಗಂಟಲು ಹರಿಯುವಂತೆ ಕೂಗಿ, ಕೊನೆಗೆ ಲಾಸ್ ಏಂಜಲೀಸ್ ಟೀಮಿನವನೊಬ್ಬನ ಮೊಣಕೈ ವಾಸಿಯಾಗಲಿ ಎಂದು ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿದವರಿಗೆ ಇನ್ನೇನು ಅನ್ನಬೇಕು ಹೇಳಿ!

ಬೇಸ್‌ಬಾಲ್ ಗೊತ್ತಿಲ್ಲದವರು ಗಾಬರಿಯಾಗಬೇಡಿ. ನನಗೂ ಗೊತ್ತಿಲ್ಲ. ಮಾವನಿಂದ ಕಲಿತದ್ದು ಇಷ್ಟೇ. ಪಿಚ್ಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ, ಚೆಂಡು ಎಸೆಯುವವನು. ಒಂದು ದಿನ ಎಸೆದರೆ ನಾಲ್ಕೈದು ದಿನ ಅವನ ಕೈಗೆ ವಿಶ್ರಾಂತಿ. ಇಷ್ಟು ಉಪಚಾರ ಮಾಡಿದರೂ ಆ ಮೊಣಕೈಗಳು ಪದೇಪದೇ ಕೆಡುತ್ತವೆ. ಇನ್ನು ಸ್ಯಾನ್ ಫ್ರಾನ್ಸಿಸ್ಕೋದವರೂ ಲಾಸ್ ಏಂಜಲೀಸಿನವರೂ ಒಂದೇ ಡಿವಿಷನ್ನಿನವರು, ಅಂದರೆ ವರ್ಷಕ್ಕೆ ಹತ್ತಾರು ಸಲ ಒಬ್ಬರ ಮುಖ ಒಬ್ಬರು ನೋಡಲೇಬೇಕಾದ ದಾಯಾದಿಗಳು. ನಮ್ಮವರದು ಕಿತ್ತಳೆ ಬಣ್ಣ, ಅವರದು ನೀಲಿ.

ಈ ನೀಲಿಯ ವಿಷಯದಲ್ಲಿ ಮಾವನದು ಭಯಂಕರ ಮಡಿ. ಮ್ಯಾಚಿನ ದಿನ ಮನೆಯಲ್ಲಿ ನೀಲಿ ಎಂಬುದು ಕಣ್ಣಿಗೆ ಬೀಳಬಾರದು. ಅತ್ತೆಯ ಹತ್ತಿರ ಇದ್ದ ಒಳ್ಳೆಯ ಮೈಸೂರು ಸಿಲ್ಕ್ ಸೀರೆ ಒಂದೇ, ಅದೂ ನೀಲಿ. ಪಾಪ, ಅದನ್ನು ಉಡಬೇಕಾದರೆ ಅವರು ಮೊದಲು ಮ್ಯಾಚು ಯಾವಾಗ ಎಂದು ವಿಚಾರಿಸಬೇಕಿತ್ತು! ಒಮ್ಮೆ ಯಾರೋ ಅತಿಥಿ ನೀಲಿ ಟೋಪಿ ಹಾಕಿಕೊಂಡು ಬಂದಾಗ ಮಾವ ಆ ಟೋಪಿಯನ್ನು ಬಾಗಿಲಲ್ಲೇ, ಚಪ್ಪಲಿಯ ಪಕ್ಕದಲ್ಲಿ ಬಿಡಿಸಿದರು. "ಅವರೇನಂದುಕೊಂಡರೋ ಏನೋ ಮಾವ" ಎಂದರೆ, "ಕಾಫಿ ಕೊಟ್ಟಿದೀನಲ್ಲ, ಅದೇ ಹೆಚ್ಚು" ಎಂದರು.

ಅತ್ತೆಗೆ ಈ ಆಟ ಅಷ್ಟಕ್ಕಷ್ಟೆ. ಆದರೂ ಮ್ಯಾಚು ಶುರುವಾದರೆ ಹುರುಳಿಕಾಯಿ ತಟ್ಟೆ ಹಿಡಿದು ಮಾವನ ಪಕ್ಕದಲ್ಲೇ ಬಂದು ಕೂರುತ್ತಿದ್ದರು. ಕೂತವರು ಸುಮ್ಮನಿರಬೇಕಲ್ಲ! "ರೀ, ಆ ಹುಡುಗ ಯಾಕೆ ಅಷ್ಟೊಂದು ಉಗೀತಾನೆ? ಶೀತವಾ?" "ರೀ, ಇವನು ಹೊಡೀಲೇ ಇಲ್ಲ, ಸುಮ್ನೆ ನಡ್ಕೊಂಡು ಹೋಗ್ತಿದಾನಲ್ಲ, ಬೇಜಾರಾಯ್ತಾ?" ಮಾವ ಹಣೆ ಚಚ್ಚಿಕೊಳ್ಳುತ್ತಿದ್ದರು. "ನಾಲ್ಕು ಬಾಲು ಆಚೆ ಹೋಯ್ತು ಕಣೇ. ಅದಕ್ಕೆ ಫಸ್ಟ್ ಬೇಸಿಗೆ ಪುಕ್ಕಟೆ ಕಳಿಸ್ತಾರೆ. ಎಷ್ಟು ಸಲ ಹೇಳೋದು?" ಎಷ್ಟು ಸಲವೆಂದರೆ, ನಾನು ಈ ದೇಶಕ್ಕೆ ಬಂದಾಗಿನಿಂದಲೂ ಕೇಳಿಸಿಕೊಂಡಿದ್ದೇನೆ. ಅದೇ ಪ್ರಶ್ನೆ, ಅದೇ ಸಿಡುಕು. ಮಾರನೆಯ ಮ್ಯಾಚಿಗೆ ಮತ್ತೆ ಮೊದಲಿಂದ.

ಹೀಗಿರುವಾಗ ಮಾವನ ಮಗಳಿಗೆ ಹೆರಿಗೆಯಾಯಿತು. ಎಲ್ಲಿ ಅಂತೀರಿ? ಲಾಸ್ ಏಂಜಲೀಸಿನಲ್ಲಿ! ಅಳಿಯ ಹುಟ್ಟಿ ಬೆಳೆದದ್ದೇ ಆ ಊರಿನಲ್ಲಿ. ಅತ್ತೆ ಓಮ, ಮೆಂತ್ಯ, ಅಂಟಿನುಂಡೆ ಎಲ್ಲ ಕಟ್ಟಿಕೊಂಡು ಮೂರು ತಿಂಗಳ ಬಾಣಂತನಕ್ಕೆಂದು ಹೊರಟರು. ಏರ್‌ಪೋರ್ಟಿನಲ್ಲಿ ಮಾವ ಎದೆಯುಬ್ಬಿಸಿ, "ನನ್ನ ಯೋಚನೆ ಬಿಡು. ಮೂರು ತಿಂಗಳಲ್ಲ, ಬೇಕಾದ್ರೆ ಆರು ತಿಂಗಳಿದ್ದು ಬಾ. ನಾನಿಲ್ಲಿ ಆರಾಮಾಗಿರ್ತೀನಿ" ಎಂದುಬಿಟ್ಟರು. ಯಾರು ಹೇಳು ಅಂದಿದ್ದರು ಇವರಿಗೆ? ಮೂರು ತಿಂಗಳು ಕಳೆಯುವಷ್ಟರಲ್ಲಿ ಮಗಳ ರಜೆ ಮುಗಿಯಿತು, ಡೇಕೇರಿನಲ್ಲಿ ಜಾಗವಿಲ್ಲ ಎಂದರು, ಆಮೇಲೆ ಮಗುವಿಗೆ ಹಲ್ಲು ಬಂತು, ನೋಡನೋಡುತ್ತ ಮೊದಲ ಹುಟ್ಟುಹಬ್ಬವೂ ಆಯಿತು. ಅತ್ತೆ ಮಾತ್ರ ಅಲ್ಲೇ.

"ನೀವೇ ಹೋಗಿ ಒಂದಷ್ಟು ದಿನ ಇದ್ದುಬನ್ನಿ ಮಾವ" ಎಂದೆ.

"ಆಫೀಸಿಗೆ ನೀನು ಹೋಗ್ತೀಯ? ಅಲ್ದೆ ಅಳಿಯಂದಿರ ಮನೇಲಿ ಎರಡು ದಿನಕ್ಕಿಂತ ಜಾಸ್ತಿ ಕೂತ್ರೆ ಮರ್ಯಾದೆ ಉಳಿಯುತ್ತಾ?"

"ಹಾಗಾದ್ರೆ ಅತ್ತೇನ ಬಾ ಅನ್ನಿ. ಫ್ಲೈಟು ಹತ್ತಿದ್ರೆ ಕಣ್ಮುಚ್ಚಿ ಬಿಡೋದ್ರೊಳಗೆ ಇಲ್ಲಿರ್ತಾರೆ."

ನಾನೇನೋ ಆಡಬಾರದ್ದು ಆಡಿದೆನೆಂಬಂತೆ ನೋಡಿದರು. "ಮೊಮ್ಮಗೂನ ಬಿಟ್ಟು ನನ್ನ ಹತ್ರ ಬಾ ಅಂತ ಹೇಗಮ್ಮ ಕರೆಯೋದು? ಈ ವಯಸ್ಸಲ್ಲಿ! ಮಗಳು ಏನಂದ್ಕೊತಾಳೆ?" ಎಂದರು. ಕಿವಿ ಕೆಂಪಾಗಿತ್ತು.

ಕರೆಯಲು ನಾಚಿಕೆ, ಸರಿ. ಆದರೆ ಮನಸ್ಸಿಗೆ ಅದೆಲ್ಲ ತಿಳಿಯುತ್ತದೆಯೇ? ಶನಿವಾರ ಮ್ಯಾಚು ನೋಡಲು ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಒಮ್ಮೆ ನಾನು ಮೊಬೈಲು ತಿಕ್ಕುತ್ತ ಕೂತಿದ್ದರೆ ಇದ್ದಕ್ಕಿದ್ದಂತೆ ನನ್ನ ಮೇಲೆ ಹರಿಹಾಯ್ದರು. "ನೀನು ಏನೂ ಕೇಳೋದೇ ಇಲ್ವಲ್ಲಮ್ಮ!"

"ಏನು ಕೇಳಲಿ ಮಾವ?"

"ಏನಾದ್ರೂ ಕೇಳು. ಅವನ್ಯಾಕೆ ಉಗೀತಾನೆ ಅಂತಾದ್ರೂ ಕೇಳು."

ಆಯಿತು, ಕೇಳಿದೆ. ಮಾವ ಎದ್ದು ಅಡುಗೆಮನೆಗೆ ಹೋಗಿ, ಇಲ್ಲದ ಕೆಲಸ ಹುಡುಕಿಕೊಂಡು ಪಾತ್ರೆ ಸದ್ದು ಮಾಡುತ್ತ ನಿಂತರು. ನನಗೆ ಸಂಕಟವಾಯಿತು.

ಈಗ ಆ ಮೊಣಕೈ ವಿಷಯಕ್ಕೆ ಬರೋಣ. ಅಳಿಯನಿಗೆ ಅವನೂರಿನ ಟೀಮಿನ ಒಬ್ಬ ಪಿಚ್ಚರ್ ಎಂದರೆ ಪ್ರಾಣ. ಅವನು ಬಲ ಮೊಣಕೈ ನೋವಿನಿಂದ ಆಟ ಬಿಟ್ಟು ಕೂತಿದ್ದ. ಒಂದು ಸಂಜೆ ಅಳಿಯ ಫೋನಿನಲ್ಲಿ, "ಮಾವ, ಅವನ ಎಲ್ಬೋ ಸರಿಯಾಗಿ, ನಿಮ್ಮ ಸ್ಯಾನ್ ಫ್ರಾನ್ಸಿಸ್ಕೋಲಿ ನಡೆಯೋ ಸೀರೀಸಲ್ಲಿ ಅವನು ಪಿಚ್ ಮಾಡಿದ್ರೆ ನಾವೆಲ್ಲ ಡ್ರೈವ್ ಮಾಡ್ಕೊಂಡು ಬರ್ತೀವಿ. ಪಾಪು, ಅತ್ತೆ, ಎಲ್ರೂ. ಪ್ರಾಮಿಸ್!" ಎಂದ.

ಮುಗಿಯಿತು! ಅಂದಿನಿಂದ ಆ ಮೊಣಕೈ ಮಾವನ ಸ್ವಂತ ಮೊಣಕೈಯಾಯಿತು. ಆಫೀಸಿಗೆ ಹೋಗುವಾಗ ಸೇತುವೆಯ ಟ್ರಾಫಿಕ್ಕಿನಲ್ಲಿ ಕೂತು ರೇಡಿಯೋದಲ್ಲಿ ಅದರ ಸಮಾಚಾರವನ್ನೇ ಕೇಳುತ್ತಿದ್ದರು. ಸಂಜೆ ಅತ್ತೆಗೆ ಫೋನು ಮಾಡಿದರೆ ಊಟ ಆಯ್ತಾ, ಪಾಪು ಮಲಗ್ತಾ, ಎರಡೇ ಪ್ರಶ್ನೆ. ಆಮೇಲೆ ಮಾತು ಸೀದಾ ಆಸ್ಪತ್ರೆಗೆ.

"ಅವನ ಕೈ ಹೇಗಿದೆಯಂತೆ?"

"ಇವತ್ತು ಮೆತ್ತಗೆ ಒಂದಷ್ಟು ಬಾಲು ಎಸೆದ್ನಂತೆ. ಅಳಿಯಂದ್ರು ಹೇಳ್ತಿದ್ರು."

"ಎಸೆದ ಮೇಲೆ ಊತ ಏನಾದ್ರೂ?"

"ನಂಗೇನ್ರೀ ಗೊತ್ತು? ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿದ್ರೆ ಎರಡೇ ದಿನಕ್ಕೆ ಹೋಗ್ತಿತ್ತು. ಅದು ಬಿಟ್ಟು ಐಸು ಇಡ್ತಾರಂತೆ!"

ಈ ಐಸಿನ ಚಿಂತೆಯಲ್ಲಿ ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಎಂದರೆ ನಂಬುತ್ತೀರಾ? "ಅಷ್ಟು ದೊಡ್ಡ ಟೀಮು, ಎಳ್ಳೆಣ್ಣೆ ಗೊತ್ತಿರೋರು ಒಬ್ರೂ ಇಲ್ವಲ್ಲ" ಎಂದು ನನ್ನೆದುರು ಗೋಳಾಡಿದರು.

ಆ ಭಾನುವಾರ ನನ್ನನ್ನು ಕರೆದುಕೊಂಡು ಲಿವರ್‌ಮೋರ್ ದೇವಸ್ಥಾನಕ್ಕೆ ಹೊರಟರು. ಮಗುವಿನ ಹೆಸರಲ್ಲಿ ಅರ್ಚನೆ ಇರಬೇಕು ಎಂದುಕೊಂಡೆ. ಅರ್ಚಕರು ಹೆಸರು ಕೇಳಿದಾಗ ಮಾವ ತಗ್ಗಿದ ದನಿಯಲ್ಲಿ ಆ ಪಿಚ್ಚರ್ ಹೆಸರು ಹೇಳಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು!

"ಗೋತ್ರ?" ಎಂದರು ಅರ್ಚಕರು, ಮುಖದಲ್ಲಿ ಏನೂ ತೋರಿಸದೆ.

"ಗೊತ್ತಿಲ್ಲ ಸ್ವಾಮಿ."

"ಕಾಶ್ಯಪ ಗೋತ್ರ ಅಂತ ಮಾಡ್ತೀನಿ. ನಕ್ಷತ್ರ?"

ಮಾವ ತಟ್ಟನೆ, "ಮೃಗಶಿರ" ಎಂದರು. ಅವನ ಹುಟ್ಟಿದ ದಿನ ಹುಡುಕಿ ಲೆಕ್ಕ ಹಾಕಿಕೊಂಡೇ ಬಂದಿದ್ದರು!

"ಸಂಕಲ್ಪ ಏನು?"

"ಮೊಣಕೈ ಸ್ವಾಮಿ. ಬಲ ಮೊಣಕೈ."

ಅರ್ಚಕರು ಗಂಟೆ ಎತ್ತಿ ಮಂತ್ರ ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿ, ನಮ್ಮ ಕಡೆ ಬಗ್ಗಿ, "ಇವನು ಲಾಸ್ ಏಂಜಲೀಸಿನವನಲ್ವಾ?" ಎಂದು ಪಿಸುಗುಟ್ಟಿದರು. ಮಾವ ತಲೆ ತಗ್ಗಿಸಿದರು. ಅರ್ಚಕರು ಒಮ್ಮೆ ದೇವರ ಮುಖ ನೋಡಿದರು, ಒಮ್ಮೆ ಮಾವನ ಮುಖ ನೋಡಿದರು. "ಆಗಲಿ, ಒಳಗಿರೋನಿಗೆ ಎಲ್ಲ ಟೀಮೂ ಒಂದೇ" ಎಂದು ನಿಟ್ಟುಸಿರು ಬಿಟ್ಟು ಗಂಟೆ ಬಾರಿಸಿದರು. ಆದರೆ ಮೊದಲಿನಷ್ಟು ಜೋರಾಗಿ ಬಾರಿಸಲಿಲ್ಲ.

ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಿದ್ದ ಯಾರಿಗೋ ಇದು ತಿಳಿದು, ವಿಷಯ ನಮಗಿಂತ ಮೊದಲೇ ಫ್ರೀಮಾಂಟ್ ತಲುಪಿತು. ಶನಿವಾರ ಮ್ಯಾಚು ನೋಡಲು ಬಂದ ಸ್ನೇಹಿತರು ಚುರುಮುರಿ ಮುಟ್ಟದೆ ಪಂಚಾಯಿತಿ ಕೂತರು. ಅವರಲ್ಲಿ ಹಾಸನದವರೊಬ್ಬರು ಹಿರಿಯರು. ಅವರೇ ಶುರು ಮಾಡಿದರು. "ಏನ್ ಸಾರ್ ಇದು? ನಮ್ಮವರಲ್ಲಿ ಇಬ್ಬರಿಗೆ ಭುಜ ಹೋಗಿದೆ, ಒಬ್ಬನಿಗೆ ಮಂಡಿ ಹೋಗಿದೆ. ಅವರಿಗೆ ಒಂದು ಕುಂಕುಮಾರ್ಚನೆ ಇಲ್ಲ, ದಾಯಾದಿಗೆ ಸೇವೆನಾ?"

"ಎದುರಾಳಿ ಗಟ್ಟಿಯಾಗಿದ್ರೆ ತಾನೆ ಗೆದ್ದದ್ದಕ್ಕೆ ಬೆಲೆ?" ಎಂದರು ಮಾವ.

"ಗೆದ್ದಾಗ ನೋಡೋಣ ಬಿಡಿ. ಮೊದಲು ಸೋಲೋದು ನಿಲ್ಲಿಸ್ಲಿ!"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನಿಜ ಕಾರಣ ಹೇಳಿಬಿಟ್ಟಿದ್ದರೆ ಆ ಜನ ತಾವೇ ಹೋಗಿ ಆ ಪಿಚ್ಚರಿಗೆ ಹೋಮ ಮಾಡಿಸುತ್ತಿದ್ದರು. ಹೇಳಲಿಲ್ಲ. ಹೆಂಡತಿಯನ್ನು ನೋಡಬೇಕು ಎನ್ನುವುದಕ್ಕಿಂತ ದ್ರೋಹಿ ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವರಿಗೆ ತೋರಿರಬೇಕು. ಏನು ಗಂಡಸರೋ!

ಕಾಶ್ಯಪ ಗೋತ್ರದ ಮಹಿಮೆಯೋ, ಐಸಿನ ಮಹಿಮೆಯೋ, ಮೊಣಕೈ ವಾಸಿಯಾಯಿತು. ಅವನು ವಾಪಸು ಬಂದು ಎಸೆದ ಮೊದಲ ಮ್ಯಾಚನ್ನು ಮಾವ ಕಿತ್ತಳೆ ಅಂಗಿ ಹಾಕಿಕೊಂಡೇ ನೋಡಿದರು, ಆದರೆ ಅವನ ಒಂದೊಂದು ಎಸೆತಕ್ಕೂ, "ಭೇಷ್! ಮೆಲ್ಲಗೆ ಮಗನೆ, ಕೈ ಜೋಪಾನ!" ಎನ್ನುತ್ತಿದ್ದರು. ಮ್ಯಾಚು ಮುಗಿದದ್ದೇ ತಡ, ತಿಥಿ ಎಣಿಸುವವರಂತೆ ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳು ಓಡಿಸಿದರು. ಇವತ್ತು ಎಸೆದರೆ ಮುಂದಿನದು ಯಾವತ್ತು, ಅದರ ಮುಂದಿನದು ಯಾವತ್ತು? ಸ್ಯಾನ್ ಫ್ರಾನ್ಸಿಸ್ಕೋ ಸೀರೀಸಿನ ಶನಿವಾರಕ್ಕೆ ಸರಿಯಾಗಿ ಬಂತು! "ಪುಟ್ಟೀ, ಶನಿವಾರ! ಶನಿವಾರನೇ ಬರುತ್ತೆ!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದರು.

ಆ ವಾರ ಮಾವನ ಮನೆಯಲ್ಲಿ ನಡೆದದ್ದನ್ನು ಮದುವೆ ತಯಾರಿ ಎಂದರೂ ನಡೆಯುತ್ತದೆ. ಕಾರ್ಪೆಟ್ಟು ತೊಳೆಸಿದರು. ನುಗ್ಗೆಕಾಯಿ, ಎಳೆ ಬದನೆಕಾಯಿ ತಂದು ಫ್ರಿಜ್ಜು ತುಂಬಿಸಿದರು. ಅತ್ತೆ ಕೂರುತ್ತಿದ್ದ ಜಾಗದಲ್ಲಿ ವರ್ಷದಿಂದ ಗುಡ್ಡೆಯಾಗಿದ್ದ ಬಟ್ಟೆಯನ್ನೆಲ್ಲ ಮಡಿಚಿ ಒಳಗಿಟ್ಟರು. ಸಾಲದ್ದಕ್ಕೆ ಮಗುವಿಗೆಂದು ತಮ್ಮ ಕೈಯಾರೆ ನೀಲಿ ಹೊದಿಕೆ ಕೊಂಡು ತಂದರು! ನಾನು ಹುಬ್ಬೇರಿಸಿದ್ದಕ್ಕೆ, "ಅಂಗಡೀಲಿ ಬೇರೆ ಬಣ್ಣ ಇರ್ಲಿಲ್ಲ" ಎಂದು ನನ್ನ ಮುಖ ನೋಡದೆ ಹೇಳಿದರು.

ಗುರುವಾರ ಸಂಜೆ ನಾನು ಮಗುವಿನ ತೊಟ್ಟಿಲು ಮಂಚ ಕೊಡಲೆಂದು ಹೋಗಿದ್ದೆ. ಮಾವ ಆ ನೀಲಿ ಹೊದಿಕೆಗೆ ಇಸ್ತ್ರಿ ಮಾಡುತ್ತಿದ್ದರು, ಅಳಿಯನ ಫೋನು ಬಂತು. ಎರಡೂ ಕೈಯಲ್ಲಿ ಕೆಲಸವಿದ್ದುದರಿಂದ ಸ್ಪೀಕರಿಗೆ ಹಾಕಿದರು.

"ಮಾವ, ಬ್ಯಾಡ್ ನ್ಯೂಸು. ಅವನಿಗೆ ಎಕ್ಸ್‌ಟ್ರಾ ರೆಸ್ಟ್ ಕೊಡ್ತಾರಂತೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಿಚ್ ಮಾಡಲ್ಲ, ವಾಪಸ್ ಇಲ್ಲಿಗೆ ಬಂದ್ಮೇಲೇನೇ. ಸೋ ನಾವು ನೆಕ್ಸ್ಟ್ ಟೈಮ್ ಬರ್ತೀವಿ, ಓಕೆನಾ? ಸಾರಿ ಮಾವ."

"ಅಯ್ಯೋ, ಅದಕ್ಕೇನಂತೆ, ಪರವಾಗಿಲ್ಲ. ಅವನ ಕೈ ಮುಖ್ಯ" ಎಂದರು ಮಾವ. ದನಿ ಎಷ್ಟು ಸರಾಗವಾಗಿತ್ತೆಂದರೆ ಯಾರಾದರೂ ಮೋಸ ಹೋಗಬೇಕು. ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ಹೊದಿಕೆಯ ಮೇಲೆ ಇಟ್ಟಲ್ಲೇ ಬಿಟ್ಟಿದ್ದರು. ನಾನೇ ಹೋಗಿ ಎತ್ತಿಟ್ಟೆ.

ಅಳಿಯ ಫೋನನ್ನು ಅತ್ತೆಗೆ ಕೊಟ್ಟ.

"ಊಟ ಆಯ್ತೇನ್ರೀ?"

"ಹ್ಞೂಂ. ಆ ಹುಡುಗನ ಮೊಣಕೈ..." ಎಂದು ಮಾವ ಶುರು ಮಾಡಿದರು. ಮತ್ತೆ, "ಮೊಣಕೈ..." ಎಂದರು. ನಾನು ಅಲ್ಲಿ ನಿಂತಿರುವುದು ಅವರಿಗೆ ಮರೆತೇಹೋಗಿತ್ತು. ಕುರ್ಚಿಯಲ್ಲಿ ಕುಸಿದು, ಫೋನನ್ನು ಬಾಯಿಯ ಹತ್ತಿರ ತಂದುಕೊಂಡರು.

"ಅವನು ಬರದಿದ್ರೆ ಕತ್ತೆ ಬಾಲ. ನೀನು ಬಾರೇ. ನನ್ ಕೈಲಿ ಆಗ್ತಿಲ್ಲ ಕಣೇ. ಮನೆ ಬಿಕೋ ಅನ್ನುತ್ತೆ."

ಆ ಕಡೆ ಅತ್ತೆ ಎದ್ದು ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

"ಡೇಕೇರಲ್ಲಿ ಯುಗಾದಿ ಹೊತ್ತಿಗೇ ಜಾಗ ಸಿಕ್ತು ರೀ" ಎಂದರು ಅತ್ತೆ. "ಪಾಪು ಬೆಳಗ್ಗೆ ಹೋದ್ರೆ ಸಂಜೇನೇ ಬರೋದು. ಇಡೀ ದಿನ ನಾನೊಬ್ಳೇ ಇರ್ತೀನಿ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಆರಾಮಾಗಿದೀನಿ, ಆರಾಮಾಗಿದೀನಿ ಅಂತ ದಿನಾ ಹೇಳ್ತಿದ್ರಲ್ಲ. ನಾನು ಬಂದ್ರೆ ಟಿ.ವಿ. ಮುಂದೆ ಕೂತು ಪ್ರಾಣ ತಿಂತೀನಿ ಅಂತ ನಿಮಗೆ ಬೇಡವೇನೋ ಅಂದ್ಕೊಂಡೆ. ದಿನಾ ಫೋನಲ್ಲಿ ಬರೀ ಆ ಹುಡುಗನ ಕೈ ವಿಷಯ. ಒಂದು ದಿನ, ಒಂದೇ ಒಂದು ದಿನ ಬಾ ಅಂದ್ರಾ? ನಾನು ಕಾಯ್ತಾನೇ ಇದ್ದೆ."

ಮಾವ ಅಳುತ್ತಿದ್ದರು. ಅತ್ತೆಯೂ ಅಳುತ್ತಿದ್ದರೆಂದು ಕಾಣುತ್ತದೆ. ನಾನೂ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

"ಬಾರೇ" ಎಂದರು ಮಾವ ಇನ್ನೊಮ್ಮೆ.

"ಬಂದೆ ರೀ, ಬಂದೆ" ಎಂದರು ಅತ್ತೆ, ಪಕ್ಕದ ಕೋಣೆಯಿಂದ ಓಗೊಟ್ಟ ಹಾಗೆ.