ಮಾವ ಹುಡುಕುತ್ತಿದ್ದ ಫಾಲ್ಟು

ನಮ್ಮ ಸೋದರಮಾವನ ಮೋಟಾರ್ ಸೈಕಲ್ಲನ್ನು ಚಾಲೂ ಮಾಡುವ ಶಕ್ತಿ ಈ ಭೂಮಂಡಲದಲ್ಲಿ ಮೂವರಿಗೆ ಮಾತ್ರ ಇದೆ: ಭಗವಂತ, ಇಳಿಜಾರು ಮತ್ತು ನಮ್ಮ ಅತ್ತೆ. ಈ ಪಟ್ಟಿಯಲ್ಲಿ ಮಾವನ ಹೆಸರಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮಾವ ಮಾತ್ರ ಇದುವರೆಗೆ ಗಮನಿಸಿಲ್ಲ!

ಗಾಡಿಗೆ ನನ್ನ ಮದುವೆಯಷ್ಟೇ ವಯಸ್ಸು. ಎರಡೂ ಇನ್ನೂ ನಡೆಯುತ್ತಿವೆ ಎಂದರೆ ಅದು ತಳ್ಳುವವರ ತಾಳ್ಮೆ. ಚಾವಿ ಕಳೆದು ಎಷ್ಟೋ ವರ್ಷಗಳಾದವು. ಚಮಚದ ಹಿಡಿಕೆ ತುರುಕಿ ತಿರುಗಿಸಿದರೆ ಸಾಕು. ಹಾರ್ನ್ ಒತ್ತಿದರೆ ಇಂಡಿಕೇಟರ್ ಹತ್ತುತ್ತದೆ, ಬ್ರೇಕ್ ಒತ್ತಿದರೆ ಹಾರ್ನ್ ಕೂಗುತ್ತದೆ.

"ಇದರಾಗ ತಪ್ಪೇನೈತಿ? ಬ್ರೇಕ್ ಹಾಕೂ ಹೊತ್ತಿನ್ಯಾಗ ಹೆಂಗೂ ಹಾರ್ನ್ ಬೇಕಾಗತೈತಿ!" ಎಂಬುದು ಮಾವನ ವಾದ. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ವಿದ್ಯುತ್ತಿನ ಪಾಠ ಹೇಳಿ ನಿವೃತ್ತನಾದವನು. ಈ ವಾದ ಕೇಳಿದ ಮೇಲೆ ನನ್ನ ಪುಸ್ತಕಗಳನ್ನೆಲ್ಲ ಅಟ್ಟಕ್ಕೆ ಹಾಕಿದೆ.

ಗಾಡಿ ಇಳಿಜಾರನ್ನು ಬೇಡುವುದರಿಂದ ಮಾವನ ಬಂಧುಬಳಗವೂ ಅದೇ ಪ್ರಕಾರ ಏರ್ಪಟ್ಟಿತ್ತು. ದಿಬ್ಬದ ಮೇಲೆ ಮನೆಯಿದ್ದವರೆಲ್ಲ ಆಪ್ತರು. ತಗ್ಗಿನಲ್ಲಿದ್ದವರು, ಒಡಹುಟ್ಟಿದವರೇ ಆದರೂ, ದೂರದ ಸಂಬಂಧಿಕರು. ಶಿವಯೋಗ ಮಂದಿರಕ್ಕೆ ಹೋದರೂ ಮೊದಲು ಗಾಡಿ ನಿಲ್ಲಿಸಲು ಇಳುಕಲು ಹುಡುಕಿ, ಆಮೇಲೆ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಾನು ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಾಗ, ಒಳಗೆ ಬರುವ ಮುನ್ನ ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ಆ ತುದಿಯಿಂದ ಈ ತುದಿಗೆ ನೋಡಿದರು.

"ಮನಿ ಛಲೋ ಕಟ್ಟೀದಿ. ಆದ್ರ ರಸ್ತೆ ಸಪಾಟ ಐತಲ್ಲೋ ಮಾರಾಯಾ!"

ಆಮೇಲೆ ಒಂಬತ್ತು ವರ್ಷ ನಮ್ಮ ಮನೆಗೆ ಕಾಲಿಡಲಿಲ್ಲ.

ಮಾವ ಇಳಕಲ್ಲಿನಲ್ಲಿ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ಬಾಳೆಲ್ಲ ಸೀರೆ ನೇಯ್ದವರು. ಅವರ ಪ್ರಕಾರ ಜಗತ್ತಿನ ಸಮಸ್ತ ತಾಪತ್ರಯಗಳಿಗೂ ಕಾರಣ ಒಂದೇ: ಎಲ್ಲೋ ಒಂದು ಎಳೆ ಕಡಿದಿದೆ. ಸಂಸಾರವಿರಲಿ, ಸರ್ಕಾರವಿರಲಿ, ಮೋಟಾರ್ ಸೈಕಲ್ಲಿರಲಿ, ಕಡಿದ ಎಳೆ ಹುಡುಕಿ ಗಂಟು ಹಾಕಿದರೆ ಮುಗಿಯಿತು! ಗಾಡಿ ನಿಂತಾಗ ಅವರು ಕಣ್ಣು ಮುಚ್ಚಿ, ವೈರುಗಳ ಮೇಲೆ ಮೆಲ್ಲಗೆ ಬೆರಳಾಡಿಸುತ್ತ ಹೋಗುತ್ತಾರೆ. ಅತ್ತೆ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತಾರೆ. ಕಣ್ಣು ಮುಚ್ಚಿದವರಿಗೆ ಟಾರ್ಚ್ ಯಾಕೆ ಎಂದು ಕೇಳಬಾರದು. ಅದು ಸಂಪ್ರದಾಯ.

"ಕಣ್ಣಿಗೆ ತಪ್ಪಿದ ಎಳಿ ಬೆರಳಿಗೆ ತಪ್ಪೂದಿಲ್ಲ" ಎನ್ನುತ್ತಾರೆ ಮಾವ.

ಒಮ್ಮೆ ಕಮತಗಿ ಇನ್ನೂ ಎರಡು ಹರದಾರಿ ಇರುವಾಗಲೇ ಗಾಡಿ ನಿಂತಿತು. ಮಾವನ ಬೆರಳು ಕ್ಷಣದಲ್ಲಿ ಕಡಿದ ವೈರನ್ನು ಪತ್ತೆಮಾಡಿತು. ಅದಕ್ಕವರು ಅಪ್ಪಟ ನೇಕಾರರ ಗಂಟು ಹಾಕಿದರು. ಎಳೆದಷ್ಟೂ ಬಿಗಿಯಾಗುವ, ಸೀರೆಯಲ್ಲಿ ಹುಡುಕಿದರೂ ಸಿಗದ ಗಂಟು. ಕೊರತೆಯೊಂದೇ, ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದಿರಲಿಲ್ಲ! ಎರಡು ಹರದಾರಿ ಅತ್ತೆಯೇ ತಳ್ಳಿದರು. ಕಮತಗಿಯ ಮೆಕ್ಯಾನಿಕ್ ಅದನ್ನು ನೋಡಿ ಹಣೆ ಬಡಿದುಕೊಂಡ.

"ಯಜಮಾನ್ರ, ಇದು ಗಾಡಿ ರಿ, ಸೀರಿ ಅಲ್ಲ!"

"ಮಾತು ಬಿಡು. ಗಂಡಸಾಗಿದ್ರ ಗಂಟು ಬಿಚ್ಚಿ ತೋರಿಸು."

ಅವನು ಉಗುರಲ್ಲಿ ಕೆದಕಿದ, ಹಲ್ಲಲ್ಲಿ ಕಚ್ಚಿದ, ಕೊನೆಗೆ ಇಕ್ಕಳದಿಂದ ಕತ್ತರಿಸಿ ಎಸೆದ. ಮಾವ ವಿಜಯೋತ್ಸಾಹದಿಂದ ಊರಿಗೆ ಬಂದು ಸಾರಿದ್ದೇನು? "ಗಂಟು ಬಿಚ್ಚಲಿಲ್ಲ! ಕರೆಂಟಿಗೆ ಅದರಾಗ ಹಾದು ಹೋಗೂದು ತಿಳೀಲಿಲ್ಲ ಅಂದ್ರ ಅದು ಕರೆಂಟಿನ ತಪ್ಪು."

ಇಂಥ ಮಾವನಿಗೆ ಈ ವರ್ಷ ಎರಡೂ ಕಣ್ಣಿಗೆ ಪೊರೆ ಬಂತು. ಬಾಗಲಕೋಟೆಗೆ ಬಂದು ಆಪರೇಷನ್ ಮಾಡಿಸಿಕೊಳ್ಳಬೇಕು, ಅಲ್ಲಿಯತನಕ ಗಾಡಿ ಮುಟ್ಟಬಾರದು, ತಡಮಾಡಿದರೆ ಇದ್ದ ದೃಷ್ಟಿಯೂ ಹೋದೀತು ಎಂದರು ಡಾಕ್ಟರು. ಮಾವ ಪಡಸಾಲೆಯಲ್ಲಿ ನಿಂತು ಘೋಷಿಸಿದರು:

"ಬಾಗಲಕೋಟಿಗೆ ಹೋದ್ರ ನನ್ನ ಗಾಡಿ ಮ್ಯಾಲೇ ಹೋಗಾಂವ. ಕುರುಡನಂಗ ಕೈ ಹಿಡಿಸ್ಕೊಂಡು ಬಸ್ ಹತ್ತಾಂವಲ್ಲ!"

ಹಾಗೆಂದ ಮರುದಿನವೇ ಗಾಡಿ ಸಂಪೂರ್ಣ ಮೌನವ್ರತ ಹಿಡಿಯಿತು. ಇಳಿಜಾರು ಸೋತಿತು. ಭಗವಂತ ಸೋತ. ಅತ್ತೆ, "ನನ್ನ ಮೊಣಕಾಲು ಹಿಡದಾವ್ರಿ, ಇನ್ನ ತಳ್ಳೂದು ಆಗೂದಿಲ್ಲ" ಎಂದುಬಿಟ್ಟರು. ಒಂದು ತಿಂಗಳಾದರೂ ಗಾಡಿ ಹಾಗೆಯೇ, ಕಣ್ಣೂ ಹಾಗೆಯೇ. ಕಡೆಗೆ ಅತ್ತೆಯ ಫೋನು ಬಂತು.

"ಗಾಡಿ ಚಾಲೂ ಆಗವಲ್ದು, ಇವರು ಬಸ್ ಹತ್ತವಲ್ರು. ನೀನರ ಬಂದು ಒಂದೀಟು ಬುದ್ಧಿ ಹೇಳೋ."

ಮಾವನಿಗೆ ಬುದ್ಧಿ ಹೇಳುವುದಕ್ಕಿಂತ ಗಾಡಿ ರಿಪೇರಿ ಸುಲಭ! ರಿಪೇರಿಯಾದರೆ ಅವರನ್ನು ಹಿಂದೆ ಕೂರಿಸಿಕೊಂಡು ನಾನೇ ಓಡಿಸಿದರಾಯಿತು ಎಂದುಕೊಂಡು, ಟೆಸ್ಟರನ್ನು ಚೀಲಕ್ಕೆ ಹಾಕಿ ಇಳಕಲ್ಲಿಗೆ ಹೋದೆ.

ಅಂಗಳದಲ್ಲಿ ಹಳೆಯ ಸೀರೆ ಹಾಸಿ, ಅದರ ಮೇಲೆ ಗಾಡಿಯ ಅಂಗಾಂಗಗಳನ್ನು ಮಾವ ಪೂಜೆಗಿಟ್ಟಂತೆ ಜೋಡಿಸಿದ್ದರು.

"ಪ್ಲಗ್ ತೊಳದೆ. ಪಾಯಿಂಟ್ ಉಜ್ಜಿದೆ. ಬ್ಯಾಟರಿ ಚಾರ್ಜ್ ಮಾಡಿಸಿದೆ. ಕಾಯಿಲ್ ಬಿಚ್ಚಿ ನೋಡಿದೆ."

"ಫ್ಯೂಸ್ ನೋಡೀರೇನ್ರಿ ಮಾಮಾ?"

"ಫ್ಯೂಸಿಗೇನ್ ಧಾಡಿ ಆಗೈತಿ? ನಿನ್ನ ಪುಸ್ತಕದಾಗ ಬ್ಯಾರೆ ಪಾಠ ಇಲ್ಲೇನು?"

ಅರ್ಧ ತಾಸು ಬಿಟ್ಟು ಮತ್ತೆ ಧೈರ್ಯ ಮಾಡಿದೆ. "ದೀಪ ಹತ್ತವಲ್ದು, ಹಾರ್ನ್ ಕೂಗವಲ್ದು, ನನ್ನ ಟೆಸ್ಟರಿನ ಮುಳ್ಳೂ ಅಳ್ಳಾಡವಲ್ದು. ಖರೇ ಹೇಳ್ತೇನಿ, ಇದು ಫ್ಯೂಸೇ ರಿ."

"ಕೈ ತಗಿ!" ಎಂದು ಮಾವ ಫ್ಯೂಸಿನ ಡಬ್ಬಿಯ ಮೇಲೆ ಅಂಗೈಯಿಟ್ಟು ಕುಳಿತರು. ಭೌತಶಾಸ್ತ್ರಕ್ಕೆ ಎರಡನೆಯ ಸಲ ಅವಮಾನವಾಯಿತು.

ಅತ್ತೆ ಚಹಾ ತಂದರು. "ಏನಾತ್ರಿ, ಸಿಕ್ಕಿತೇನು?"

"ಇಲ್ಲ. ಭಾಳ ಒಳಗಿನ ಎಳಿ ಕಡದಂಗ ಕಾಣತೈತಿ."

"ಹುಡುಕ್ರಿ. ನಿಧಾನಕ್ಕ ಹುಡುಕ್ರಿ, ಅವಸರೇನೈತಿ" ಎಂದು ಅತ್ತೆ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದರು.

ಚಹಾ ಕುಡಿದವನಿಗೆ ಅಡಿಕೆ ಬೇಕೆನ್ನಿಸಿತು. ಅತ್ತೆಯ ಎಲೆ ಅಡಿಕೆಯ ಚಂಚಿ ಎಂದಿನಂತೆ ಮಗ್ಗದ ಪಕ್ಕದ ಗೂಟದಲ್ಲಿ ನೇತಾಡುತ್ತಿತ್ತು. ಅದಕ್ಕೆ ಕೈ ಹಾಕುವ ಹಕ್ಕು ನನಗೆ ಬಾಲ್ಯದಿಂದಲೂ ಇದೆ. ಅಡಿಕೆಯ ಖಾನೆಯಲ್ಲಿ ಬೆರಳಿಗೆ ತಣ್ಣಗೆ ಏನೋ ತಾಗಿತು. ತೆಗೆದು ನೋಡಿದರೆ ಪುಟ್ಟ ಗಾಜಿನ ನಳಿಗೆ, ಎರಡೂ ತುದಿಗೆ ಲೋಹದ ಟೋಪಿ. ಫ್ಯೂಸು! ಇಷ್ಟು ವರ್ಷ ಟಾರ್ಚ್ ಹಿಡಿದು ನಿಂತವರು ಸುಮ್ಮನೆ ನಿಂತಿರಲಿಲ್ಲ!

ನಾನು ಹೊರಗೆ ಓಡಿದೆ. "ಮಾಮಾ, ಫಾಲ್ಟ್ ಸಿಕ್ಕಿತು! ಅತ್ತಿ ಚಂಚ್ಯಾಗ..."

ಮಾವ ನನ್ನ ಮುಂಗೈ ಹಿಡಿದು ಕೆಳಕ್ಕೆ ಜಗ್ಗಿದರು. "ಸುಮ್ಮಿರಲೇ. ಅಕಿಗೆ ಕೇಳೀತು."

"ನಿಮಗ ಗೊತ್ತಿತ್ತೇನ್ರಿ?"

"ಮೊದಲನೇ ದಿನಾನ ಗೊತ್ತಾತು. ಎಳಿ ಇಲ್ಲದ ಜಾಗಾ ನೇಕಾರನ ಬೆರಳಿಗೆ ತಿಳಿಯೂದಿಲ್ಲೇನು?"

"ಮತ್ತ ಒಂದು ತಿಂಗಳಿಂದ ಇದೆಲ್ಲಾ ಬಿಚ್ಚಿಕೊಂಡು..."

ಮಾವ ಪ್ಲಗ್ಗನ್ನು ಒರೆಸಿ ಸೀರೆಯ ಮೇಲೆ ಅದರ ಜಾಗದಲ್ಲಿಟ್ಟರು.

"ನಾ ಫ್ಯೂಸ್ ಎಲ್ಲೈತಿ ಅಂತ ಕೇಳಿದ್ರ ಅಕಿ ಏನಂದಾಳು? 'ನಿಮಗ ಕಣ್ಣು ಕಾಣೂದಿಲ್ಲ, ಅದಕ್ಕ ತಗದಿಟ್ಟೇನಿ' ಅನಬೇಕಾಗತೈತಿ. ಅದನ್ನ ನನ್ನ ಮಾರಿ ನೋಡಿ ಅನ್ನೂದು ಅಕಿ ಕೈಲೆ ಆಗೂದಿಲ್ಲ. ಆಗಿದ್ರ ಚಂಚ್ಯಾಗ ಯಾಕ ಮುಚ್ಚಿಡತಿದ್ಲು? ಹೋಗು, ಇದ್ದಲ್ಲೇ ಇಟ್ಟು ಬಾ."

ಇಟ್ಟು ಬಂದೆ. ಸಿಕ್ಕಿದ ಉತ್ತರವನ್ನು ಮರಳಿ ಮುಚ್ಚಿಟ್ಟದ್ದು ನನ್ನ ಮೇಷ್ಟರಿಕೆಯಲ್ಲೇ ಮೊದಲು.

ಅತ್ತೆ ಹಿತ್ತಿಲಿಂದ ಬಂದು ಹೊಸ್ತಿಲಲ್ಲಿ ನಿಂತರು. ಮಾವ ಕೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡಿ, ಅವರಿಗೆ ಕೇಳುವಂತೆ ಹೇಳಿದರು:

"ಈ ಗಾಡಿ ಸದ್ಯ ಚಾಲೂ ಆಗೂ ಹಂಗ ಕಾಣೂದಿಲ್ಲೋ. ಸೋಮವಾರ ನಾವಿಬ್ಬರೂ ಬಸ್ಸಿಗೇ ಬರ್ತೇವಿ. ದವಾಖಾನಿಗೆ ಹೇಳಿಡು. ಏನ್ ಮಾಡೂದು, ಗಾಡೀನೇ ಕೈ ಕೊಟ್ಟಿತು."

"ಹೌದ್ರಿ, ಗಾಡಿದ ತಪ್ಪು" ಎಂದರು ಅತ್ತೆ.

ಆಮೇಲೆ ಒಳಗೆ ಹೋಗಿ, ಹಾಡುಹಗಲಲ್ಲೇ ಟಾರ್ಚ್ ತಂದು ಹೊತ್ತಿಸಿ, ಗಂಡನ ಪಕ್ಕದಲ್ಲಿ ನಿಂತರು. ಮಾವ ಕಣ್ಣು ಮುಚ್ಚಿ ಮತ್ತೆ ವೈರುಗಳ ಮೇಲೆ ಬೆರಳಾಡಿಸತೊಡಗಿದರು. ಫ್ಯೂಸಿನ ಡಬ್ಬಿ ಬಂದಾಗ ಬೆರಳು ಅದನ್ನು ಮೆಲ್ಲಗೆ ದಾಟಿ ಮುಂದೆ ಹೋಯಿತು. ಟಾರ್ಚಿನ ಬೆಳಕೂ ದಾಟಿ ಹೋಯಿತು.