ಗಡಿಗೆಪ್ಪನ ಕಾರಿನ ಕೋಲು

ರೇಡಿಯೊ ಸೆಟ್ಟಿಗೆ ಮೂವತ್ತೆಂಟು ಸಾವಿರ. ಕಾರಿನ ಮೇಲೆ ನಿಲ್ಲಿಸುವ ಆಂಟೆನಾಕ್ಕೆ ನಾಲ್ಕೂವರೆ ಸಾವಿರ. ಕೇಬಲ್ಲು, ಕ್ಲಾಂಪು, ಡ್ಯಾಶ್‌ಬೋರ್ಡ್ ಕೊರೆದವನ ಕೂಲಿ ಸೇರಿ ಇನ್ನೂ ಎರಡು ಸಾವಿರ. ಹವ್ಯಾಸಿ ರೇಡಿಯೊದವರು ತೆಗೆದುಕೊಳ್ಳಬೇಕಾದ ಹ್ಯಾಮ್ ಲೈಸೆನ್ಸಿನ ಪರೀಕ್ಷೆಗೆ ಎರಡು ಸಲ ಹೋಗಿಬಂದ ಖರ್ಚು ಬೇರೆ, ಯಾಕೆಂದರೆ ಮೊದಲ ಸಲ ಗಡಿಗೆಪ್ಪ ನಪಾಸಾಗಿದ್ದ. ಇಷ್ಟಕ್ಕೂ ಸೇರಿಸಿ ಅವನು ಹೆಂಡತಿ ಬಸವಂತಮ್ಮನಿಗೆ ಹೇಳಿದ ರೇಟು ಒಂಬತ್ತು ಸಾವಿರ. ಅದನ್ನೇ ಅವಳು ದುಬಾರಿ ಅಂದಿದ್ದಳು.

ಗಡಿಗೆಪ್ಪ ರಾಯಚೂರಿನ ಒಂದು ಅಕ್ಕಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್. ಮನೆ ದೇವದುರ್ಗದಲ್ಲಿ. ದಿನಾ ಹಳೆಯ ಬಿಳಿ ಕಾರಿನಲ್ಲಿ ಹೋಗಿಬರುವಾಗ ಮಾತಿಗೊಬ್ಬರು ಬೇಕೆಂದು ಈ ಎರಡು ಬ್ಯಾಂಡಿನ ಡಿಜಿಟಲ್ ರೇಡಿಯೊ ಹಾಕಿಸಿಕೊಂಡಿದ್ದ. ಸಿಕ್ಕವನು ಒಬ್ಬನೇ, ಮಾನ್ವಿಯಲ್ಲಿ ಮಿಕ್ಸರ್ ರಿಪೇರಿ ಅಂಗಡಿ ಇಟ್ಟ ಅಲ್ಲಾಉದ್ದೀನ್. ಮಾನ್ವಿ ದೂರವಾದ್ದರಿಂದ ಮಾತು ನೇರ ಹೋಗುತ್ತಿರಲಿಲ್ಲ. ರೇಡಿಯೊದಿಂದ ಡ್ಯಾಶ್‌ಬೋರ್ಡಿನ ಮೇಲಿದ್ದ ಸೋಪಿನ ಡಬ್ಬಿಯಂಥ ಪೆಟ್ಟಿಗೆಗೆ, ಅಲ್ಲಿಂದ ಗಡಿಗೆಪ್ಪನ ಮೊಬೈಲಿನ ಇಂಟರ್‌ನೆಟ್ಟಿಗೆ, ಅಲ್ಲಿಂದ ಯಾವುದೋ ದೇಶದ ಕಂಪ್ಯೂಟರಿಗೆ ಹೋಗಿ, ಸುತ್ತು ಹೊಡೆದು ಅಲ್ಲಾಉದ್ದೀನನ ಅಂಗಡಿಗೆ ಇಳಿಯುತ್ತಿತ್ತು.

ಇದನ್ನೆಲ್ಲ ಕೇಳಿದ ಬಸವಂತಮ್ಮನದು ಒಂದೇ ಪ್ರಶ್ನೆ. "ಮತ್ತ ಅದ ಮೊಬೈಲ್‌ನಾಗ ಫೋನ್ ಹಚ್ಚಿದ್ರ ಅಂವ ಎತ್ತಂಗಿಲ್ಲೇನು?"

ಲೈಸೆನ್ಸಿನ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿರಲಿಲ್ಲ. ಗಡಿಗೆಪ್ಪ ಕಾರು ಒರೆಸುವ ನೆವ ಮಾಡಿ ಹೊರಗೆ ಹೋಗಿದ್ದ.

ಆ ಮಂಗಳವಾರ ಬೆಳಿಗ್ಗೆ ಮಾತ್ರ ಹಾಗೆ ಜಾರಿಕೊಂಡು ಪಾರಾಗುವಂತಿರಲಿಲ್ಲ. ಮಾಳಿಗೆ ಮೇಲಿನ ಕೋಣೆಗೆ ಮರುದಿನ ಸ್ಲ್ಯಾಬು ಹಾಕಬೇಕು. ಗೌಂಡಿ ಬಂದೇನವಾಜ್ ನಾಲ್ಕು ಆಳು ಕಟ್ಟಿಕೊಂಡು ಬಂದು ಕಟ್ಟೆಯ ಮೇಲೆ ಕೂತಿದ್ದಾನೆ. ಉಸುಕಿಲ್ಲ. ಟ್ರ್ಯಾಕ್ಟರ್ ಮಾಲೀಕ ವಿರೂಪಣ್ಣ ಮೂರು ದಿನದಿಂದ ಇವತ್ತು, ನಾಳೆ ಅನ್ನುತ್ತಿದ್ದಾನೆ. ಸಾಲದ್ದಕ್ಕೆ ರೇಡಿಯೊದ ಅಸಲು ರಸೀದಿ ಹಿಂದಿನ ಸಂಜೆ ಒಗೆಯಲು ಹಾಕಿದ ಪ್ಯಾಂಟಿನ ಕಿಸೆಯಲ್ಲಿ ಬಸವಂತಮ್ಮನಿಗೆ ಸಿಕ್ಕಿತ್ತು.

"ಸಂಜಿ ಒಳಗ ಉಸುಕು ಬರಬೇಕು" ಅಂದಳು ಅವಳು, ದನಿ ಏರಿಸದೆ. "ಬರಲಿಲ್ಲಂದ್ರ ನಾಳೆ ಆ ರೇಡಿಯೊ ಡಬ್ಬಿ ಮಾರಿ ಕ್ರಷರ್ ಪುಡಿ ತರಸ್ತೀನಿ."

ಉಸುಕಿನ ಬದಲು ಹಾಕುವ ಆ ಕಲ್ಲಿನ ಪುಡಿಗೆ ದುಪ್ಪಟ್ಟು ರೇಟು. ಅವಳು ಹೇಳಿದ್ದನ್ನು ಮಾಡುವವಳು. ಗಡಿಗೆಪ್ಪ ಗಿರಣಿಗೆ ಹೊಟ್ಟೆನೋವೆಂದು ತಿಳಿಸಿ ವಿರೂಪಣ್ಣನಿಗೆ ಫೋನ್ ಮಾಡಿದ. ಡ್ರೈವರ್ ಮಲ್ಲೇಶ ಉಸುಕು ತುಂಬಿಕೊಂಡು ಒಂಬತ್ತಕ್ಕೆ ಕೃಷ್ಣೆಯ ದಂಡೆ ಬಿಡುತ್ತಾನೆ ಎಂದು ಉತ್ತರ ಬಂತು. ಈ ಸಲ ಯಾರನ್ನೂ ನಂಬುವುದು ಬೇಡ, ತಾನೇ ಹೋಗಿ ಎದುರುಗೊಂಡು ಕರೆತರುತ್ತೇನೆ ಎಂದು ಅವನು ಕಾರು ಹತ್ತಿದ.

ರೇಡಿಯೊದಲ್ಲಿ ವ್ಯಾಪಾರದ ಮಾತು ಆಡಕೂಡದೆಂದು ಕಾಯ್ದೆ. ಹಾಗಾಗಿ ಅಲ್ಲಾಉದ್ದೀನನಿಗೆ ಉಸುಕಿನ ಹೆಸರೆತ್ತದೆ, ಹೊಳೆಯ ಕಡೆ ಒಂದು ಖಾಸಗಿ ಕೆಲಸವಿದೆ ಎಂದಷ್ಟೇ ಹೇಳಿದ. ಹೊಳೆಯ ದಂಡೆಯಲ್ಲಿ ಖಾಸಗಿ ಕೆಲಸವೆಂದರೆ ಏನೆಂದು ಅಲ್ಲಾಉದ್ದೀನ್ ಏನೇನೋ ಊಹಿಸಿ, ತಂಬಿಗೆ ಒಯ್ದಿದ್ದೀಯಾ ಎಂದು ವಿಚಾರಿಸಿದ.

ದಾರಿಯುದ್ದಕ್ಕೂ ಗಡಿಗೆಪ್ಪನಿಗೆ ಎಂದೂ ಸಿಗದ ಮರ್ಯಾದೆ ಸಿಕ್ಕಿತು. ಕಟ್ಟೆಯ ಮೇಲೆ ಕೂತವರು ಬೀಡಿ ಬಿಸಾಕಿ ಎದ್ದು ನಿಂತರು. ಒಬ್ಬ ಸಲಾಮು ಹೊಡೆದ. ಚಹಾದಂಗಡಿಯವನು ಎರಡು ಸಲ ಕೊಟ್ಟರೂ ದುಡ್ಡು ಮುಟ್ಟಲಿಲ್ಲ. ಕಡೆಗೂ ಮಂದಿಗೆ ರೇಡಿಯೊದ ಬೆಲೆ ತಿಳಿಯುತ್ತಿದೆ ಎಂದು ಗಡಿಗೆಪ್ಪ ಮೈಕು ಹಿಡಿದ ಕೈಯಿಂದಲೇ ತಿರುಗಿ ಸಲಾಮು ಮಾಡಿದ.

ಹತ್ತಕ್ಕೆ ದೂರದಲ್ಲಿ ಒಂದು ಟ್ರ್ಯಾಕ್ಟರು ಕಂಡಿತು. ಕಂಡದ್ದೇ ಬಾರುಕೋಲು ಕಂಡ ಕೋಣದ ಹಾಗೆ ರಸ್ತೆ ಬಿಟ್ಟು ಹೊಲಕ್ಕೆ ನುಗ್ಗಿ, ಹಿಂದಿನ ಟ್ರಾಲಿ ಎತ್ತಿ, ಉಸುಕನ್ನೆಲ್ಲ ಸುರುವಿ ಓಡಿತು. ಮಲ್ಲೇಶನೋ ಬೇರೆಯವನೋ ಕೇಳೋಣವೆಂದು ಇವನು ಹಾರ್ನ್ ಹೊಡೆದಷ್ಟೂ ಅದು ಜೋರಾಗಿ ಓಡಿತು.

ಹನ್ನೊಂದಕ್ಕೆ ವಿರೂಪಣ್ಣನೇ ಫೋನ್ ಮಾಡಿದ. ಉಸುಕಿನ ಟ್ರ್ಯಾಕ್ಟರು ಹಿಡಿಯುವ ಸರ್ಕಾರಿ ಸ್ಕ್ವಾಡಿನವರು ರಸ್ತೆಯಲ್ಲಿ ಕೂತಿದ್ದಾರಂತೆ, ಮಲ್ಲೇಶ ಟ್ರಿಪ್ಪು ಚೆಲ್ಲಿ ಬಂದನಂತೆ. ಗಡಿಗೆಪ್ಪ ನಕ್ಕುಬಿಟ್ಟ. ತಾನು ಬೆಳಿಗ್ಗೆಯಿಂದ ಅದೇ ರಸ್ತೆಯಲ್ಲಿದ್ದೇನೆ, ಒಂದು ಸರ್ಕಾರಿ ನಾಯಿಯೂ ಇಲ್ಲ, ಎರಡನೇ ಟ್ರಿಪ್ಪು ಧೈರ್ಯವಾಗಿ ಕಳಿಸಿ, ಸ್ಕ್ವಾಡು ಬಂದರೆ ನಾನು ನೋಡಿಕೊಳ್ಳುತ್ತೇನೆ ಎಂದ. ಹೇಳಿದಂತೆ ತಿರುವಿನಲ್ಲಿ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಕಾವಲು ಕೂತ.

ಎರಡನೇ ಟ್ರಿಪ್ಪೂ ಹೊಲಕ್ಕೆ ಬಿತ್ತು.

ಈ ಸಲ ಮಲ್ಲೇಶನೇ ಏದುಸಿರು ಬಿಡುತ್ತ ಫೋನಿಗೆ ಬಂದ. "ಅಣ್ಣಾ, ತಿರುವಿನಾಗ ಅದಾರ. ಬಿಳಿ ಕಾರು, ಮ್ಯಾಲ ವಾಯರ್‌ಲೆಸ್ಸಿನ ಉದ್ದನ ಕೋಲು ಅದ. ಒಳಗ ಒಬ್ಬ ದಪ್ಪ ಸಾಹೇಬ ಮೈಕ್ ಹಿಡಕೊಂಡು ಮಾತಾಡಾಕತ್ತಾನ."

ಗಡಿಗೆಪ್ಪ ತಲೆ ಎತ್ತಿದ. ಕಾರಿನ ಕನ್ನಡಿಯೊಳಗಿಂದ ದಪ್ಪ ಸಾಹೇಬ ಅವನನ್ನೇ ನೋಡುತ್ತಿದ್ದ.

ಸುದ್ದಿ ಕೇಳಿ ವಿರೂಪಣ್ಣ ಜೀಪು ಹತ್ತಿ ಬಂದ. ಒಂದು ಟ್ರಿಪ್ಪಿನ ಪರ್ಮಿಟ್ಟಿನಲ್ಲಿ ನಾಲ್ಕು ಟ್ರಿಪ್ಪು ಹೊಡೆಯುವ ಅವನ ಪದ್ಧತಿ ಗಡಿಗೆಪ್ಪನಿಗೆ ಗೊತ್ತಾದದ್ದು ಆಗಲೇ. ಬೈಗುಳಕ್ಕೆ ತಯಾರಾಗಿ ನಿಂತಿದ್ದವನನ್ನು ವಿರೂಪಣ್ಣ ಬೈಯಲಿಲ್ಲ. ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಕಾರಿನ ಸುತ್ತ ಎರಡು ಸುತ್ತು ಬಂದ. ಇದಕ್ಕೆ ಮಂದಿ ಅಷ್ಟೊಂದು ಹೆದರುತ್ತಾರಾ ಎಂದು ಕೇಳಿದ. ಗಡಿಗೆಪ್ಪ ಎರಡು ಬ್ಯಾಂಡು, ಡಿಜಿಟಲ್ ಎಂದು ಬಿಡಿಸಿ ಹೇಳತೊಡಗಿದ.

"ಡಬ್ಬಿ ನೀವ ಇಟ್ಕೋರಿ" ಅಂದ ವಿರೂಪಣ್ಣ. "ನನಗ ಕೋಲು ಸಾಕು."

ಕೋಲು ಕೊಟ್ಟರೆ ಐದರೊಳಗೆ ಮನೆ ಮುಂದೆ ಉಸುಕು, ಚೆಲ್ಲಿದ ಎರಡು ಟ್ರಿಪ್ಪಿನ ಮಾತೇ ಎತ್ತುವುದಿಲ್ಲ. ಕೊಡದಿದ್ದರೆ ಉಸುಕೂ ಇಲ್ಲ, ಕೊಟ್ಟ ಮುಂಗಡವೂ ವಾಪಸಿಲ್ಲ. ಗಡಿಗೆಪ್ಪ ರೇಡಿಯೊದಲ್ಲಿ ಅಲ್ಲಾಉದ್ದೀನನನ್ನು ಕರೆದು ಸಲಹೆ ಕೇಳಿದ. ಆಂಟೆನಾ ಇಲ್ಲದೆ ಮೈಕಿನ ಗುಂಡಿ ಒತ್ತಿದರೆ ಸೆಟ್ಟು ಸುಟ್ಟುಹೋಗುತ್ತದೆ, ಕೊಡಬೇಡ ಎಂದ ಅವನು. ಆದರೆ ಅವನು ಬಸವಂತಮ್ಮನ ಗಂಡನಲ್ಲ. ಕೋಲು ಹೋದರೆ ಹೋಗಲಿ, ಸೆಟ್ಟು ಉಳಿಯುತ್ತದಲ್ಲ ಎಂದುಕೊಂಡು ಗಡಿಗೆಪ್ಪ ತನ್ನ ಕೈಯಾರೆ ಅದರ ತಿರುಪು ಬಿಚ್ಚಿಕೊಟ್ಟ.

ನಾಲ್ಕೂಮುಕ್ಕಾಲಿಗೆ ಉಸುಕು ಬಂತು. ಬಸವಂತಮ್ಮ ಮಾತಿಗೆ ತಪ್ಪುವವಳಲ್ಲ. ಉಸುಕಿನ ರಾಶಿ ನೋಡಿ, ಡಬ್ಬಿ ಇರಲಿ ಬಿಡ್ರಿ ಅಂದಳು. ಬಂದೇನವಾಜ್ ಜರಡಿ ಹಿಡಿದ. ಮೊದಲ ಜರಡಿಯಲ್ಲಿ ಜೋಳದ ಕೂಳೆ ಬಂತು, ಎರಡನೆಯದರಲ್ಲಿ ಜಾಲಿಮುಳ್ಳು, ಮೂರನೆಯದರಲ್ಲಿ ಕುರಿಹಿಕ್ಕೆ.

"ಇದು ಹೊಳಿ ಉಸುಕಲ್ರೀ" ಅಂದ ಅವನು. "ಹೊಲದ ಉಸುಕು."

ಟ್ರಾಲಿಯ ಮೇಲೆ ನಿಂತಿದ್ದ ಮಲ್ಲೇಶನಿಗೆ ನಗು ತಡೆಯಲಾಗಲಿಲ್ಲ. ವಿರೂಪಣ್ಣ ಜೀಪಿಗೆ ಕೋಲು ನೆಟ್ಟುಕೊಂಡು ರಸ್ತೆಯಲ್ಲಿ ಒಂದೇ ಒಂದು ಸುತ್ತು ಹೋಗಿಬಂದನಂತೆ. ಬೇರೆಯವರ ಮೂರು ಟ್ರ್ಯಾಕ್ಟರು ಉಸುಕು ಸುರುವಿ ಓಡಿದವಂತೆ. ಹಿಂದೆ ಬಂದ ಇವರು ಎಲ್ಲವನ್ನೂ ತುಂಬಿಕೊಂಡರಂತೆ.

"ನಿಮ್ಮದು ಮಾತ್ರ ನಿಮ್ಮದ ಉಸುಕು ನೋಡ್ರಿ, ಮುಂಜಾನೆ ಚೆಲ್ಲಿದ್ದು" ಅಂದ ಮಲ್ಲೇಶ. "ಇನ್ನ ಮ್ಯಾಲ ಹೊಳಿಗೆ ಹೋಗೂದ ಬ್ಯಾಡ ಅಂದಾನ ನಮ್ಮ ಧಣಿ."

ಗಡಿಗೆಪ್ಪ ಹೋಗಿ ಕಾರಿನಲ್ಲಿ ಕೂತ. ರೇಡಿಯೊದ ಹಸಿರು ದೀಪ ಉರಿಯುತ್ತಿತ್ತು. ಕೈ ಮೈಕಿನವರೆಗೆ ಹೋಗಿ ಹಿಂದೆ ಬಂತು. ಅವನಿಗೆ ದಕ್ಕಿದ್ದು ತಾನೇ ಹೆದರಿಸಿ ಚೆಲ್ಲಿಸಿದ ಒಂದು ಟ್ರಿಪ್ಪು ಉಸುಕು, ಮುಳ್ಳು ಸಮೇತ. ಹೋದದ್ದು ಒಂದು ದಿನದ ಪಗಾರ ಮತ್ತು ನಾಲ್ಕೂವರೆ ಸಾವಿರದ ಕೋಲು.